ರಾಕ್ಲೋಪ್ರೈಡ್ ಪೆಟ್: ಔಷಧವೇ ಕೊಡದೆ ಎರಡನೇ ಸ್ಕ್ಯಾನ್‌ನಲ್ಲಿ ಬೈಂಡಿಂಗ್ ಪೊಟೆನ್ಷಿಯಲ್ ಇಳಿದಿದ್ದೇಕೆ?

ಪ್ರಶ್ನೆ
ಸೈಕೋಸಿಸ್‌ಗೆ ಕೊಡುವ ಔಷಧ ಡೋಪಮೀನ್ ಡಿ2 ಗ್ರಾಹಕಗಳಲ್ಲಿ ಎಷ್ಟು ಪಾಲನ್ನು ಹಿಡಿಯುತ್ತದೆ ಎಂದು ಅಳೆಯುವ ಮುನ್ನ, ಒಬ್ಬ ಆರೋಗ್ಯವಂತ ಸ್ವಯಂಸೇವಕರಿಗೆ ಔಷಧವಿಲ್ಲದೆ ಎರಡು ಪೆಟ್ ಸ್ಕ್ಯಾನ್ (ವಿಕಿರಣ ಸೂಸುವ ಟ್ರೇಸರ್ ಚುಚ್ಚಿ ಮೆದುಳಿನ ಚಿತ್ರ ತೆಗೆಯುವ ವಿಧಾನ) ಮಾಡಿದೆವು. ಟ್ರೇಸರ್ ಡಿ2ಗೆ ಅಂಟುವ ಕಾರ್ಬನ್-11 ರಾಕ್ಲೋಪ್ರೈಡ್, ಎರಡೂ ಸಲ 370 ಮೆಗಾಬೆಕ್ವೆರೆಲ್ ಬೋಲಸ್ (ಒಂದೇ ಸಲಕ್ಕೆ ಚುಚ್ಚಿದ್ದು), 60 ನಿಮಿಷ, ಹೋಲಿಕೆಗೆ ರೆಫರೆನ್ಸ್ ಭಾಗವಾಗಿ ಸೆರೆಬೆಲ್ಲಮ್ (ಕಿರುಮೆದುಳು). ಮೆದುಳಿನಾಳದ ಪುಟಾಮೆನ್‌ನ ಬೈಂಡಿಂಗ್ ಪೊಟೆನ್ಷಿಯಲ್ (ಬಿಪಿ, ಟ್ರೇಸರ್ ಗ್ರಾಹಕಗಳಿಗೆ ಎಷ್ಟು ಅಂಟಿದೆ ಎಂಬ ಅಳತೆ) 3.0 ಇದ್ದದ್ದು 2.6ಕ್ಕೆ ಬಂತು. ಮೊದಲ ಸಲ ಇಂಜೆಕ್ಷನ್ ಹೊತ್ತಿಗೆ ಮೋಲಾರ್ ಆಕ್ಟಿವಿಟಿ (ವಸ್ತುವಿನ ಪ್ರಮಾಣಕ್ಕೆ ಎಷ್ಟು ವಿಕಿರಣ ಎಂಬುದು) ಮೈಕ್ರೋಮೋಲ್‌ಗೆ 37 ಗಿಗಾಬೆಕ್ವೆರೆಲ್. ಎರಡನೇ ಬ್ಯಾಚ್ ಕೂಡ ಅಷ್ಟೇ ಚೆನ್ನಾಗಿತ್ತು, ಆದರೆ ರಕ್ತನಾಳಕ್ಕೆ ಹಾಕುವ ಕ್ಯಾನುಲಾ ಸರಿಹೋಗದೆ 40 ನಿಮಿಷ ತಡವಾಯಿತು. ಕಾರಣ ಅದೇ ಇರಬಹುದೇ? ಇದೇ ಡೇಟಾದಲ್ಲಿ ಫ್ರಾಂಟಲ್ ಕಾರ್ಟೆಕ್ಸನ್ನೂ ಓದಬಹುದೇ?

ಉತ್ತರ 1
ಬಹುಪಾಲು ಅದೇ. ಕಾರ್ಬನ್-11ರ ಅರ್ಧಾಯುಷ್ಯ 20.4 ನಿಮಿಷ. 40 ನಿಮಿಷದಲ್ಲಿ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ, ವಯಲ್‌ನಲ್ಲಿರುವ 'ತಣ್ಣನೆಯ', ಅಂದರೆ ವಿಕಿರಣವಿಲ್ಲದ, ರಾಕ್ಲೋಪ್ರೈಡ್ ಮಾತ್ರ ಇದ್ದಷ್ಟೇ ಇರುತ್ತದೆ. 370 ತುಂಬಿಸಲು ನಾಲ್ಕು ಪಟ್ಟು ದ್ರಾವಣ ಎಳೆದಿರುತ್ತೀರಿ. ಮೊದಲ ಸಲ 10 ನ್ಯಾನೋಮೋಲ್, ಅಂದರೆ 3.5 ಮೈಕ್ರೋಗ್ರಾಂ, ಎರಡನೇ ಸಲ 14. ಟ್ರೇಸರ್ ತಾನೇ 5%ಗಿಂತ ಹೆಚ್ಚು ಗ್ರಾಹಕಗಳನ್ನು ಹಿಡಿಯಬಾರದು. 14 ಮೈಕ್ರೋಗ್ರಾಂ ಆ ಗಡಿ ದಾಟುತ್ತದೆ.

ಇದನ್ನು ಸಣ್ಣದೆಂದು ಬಿಡಬೇಡಿ. ಔಷಧದ ನಂತರ ಬಿಪಿ 1.05 ಬಂತೆನ್ನಿ. ಬೇಸ್‌ಲೈನ್ (ಔಷಧಕ್ಕೆ ಮುಂಚಿನ ಬಿಪಿ) 3.0 ಇದ್ದರೆ ಆಕ್ಯುಪೆನ್ಸಿ (ಔಷಧ ಹಿಡಿದ ಗ್ರಾಹಕಗಳ ಪಾಲು) 65%, 2.6 ಎಂದು ಓದಿದರೆ 60%. ಹಾಲೊಪೆರಿಡಾಲ್‌ನಂಥ ಔಷಧಗಳಲ್ಲಿ ಗುಣ ಕಾಣುವುದು ಸುಮಾರು 65%ರಿಂದ, ಕೈಕಾಲು ಬಿಗಿತ, ನಡುಕ ಶುರುವಾಗುವುದು 78%ರ ಆಸುಪಾಸಿನಲ್ಲಿ. ಅಷ್ಟು ಕಿರಿದಾದ ಅಂತರದಲ್ಲಿ ಐದು ಅಂಕ ಬಹಳ ದೊಡ್ಡದು. ಪ್ರೋಟೊಕಾಲ್‌ನಲ್ಲಿ ಮೆಗಾಬೆಕ್ವೆರೆಲ್ ಜೊತೆಗೆ ಮೈಕ್ರೋಗ್ರಾಂ ಮಿತಿಯನ್ನೂ ಬರೆಯಿರಿ. ತಡವಾದರೆ ಅಷ್ಟೇ ಮಿಲಿಲೀಟರ್ ಕೊಡಿ, ಕಡಿಮೆ ಎಣಿಕೆ ಒಪ್ಪಿಕೊಳ್ಳಿ.

ಉತ್ತರ 2
ತಲೆ ಅಲುಗಾಟವನ್ನೂ ನೋಡಿ. ಪುಟಾಮೆನ್ ಸಣ್ಣದು, ಕೆಲವು ಮಿಲಿಮೀಟರ್ ಜರುಗಿದರೂ ಎಣಿಕೆ ಪಕ್ಕದ ವೈಟ್ ಮ್ಯಾಟರ್‌ಗೆ ಹರಿದು ಬಿಪಿ ಇಳಿಯುತ್ತದೆ. ಫ್ರೇಮ್‌ಗಳನ್ನು (ಸ್ಕ್ಯಾನ್‌ನ ಒಂದೊಂದು ಅವಧಿಯ ಚಿತ್ರಗಳನ್ನು) ಒಂದಕ್ಕೊಂದು ಹೊಂದಿಸಿದರೆ ಅರ್ಧ ಕೆಲಸ ಆದಂತೆ, ಅಷ್ಟೇ. ಅಟೆನ್ಯುಯೇಷನ್ ತಿದ್ದುಪಡಿಗೆ (ತಲೆಯೊಳಗೇ ಹೀರಲ್ಪಟ್ಟ ವಿಕಿರಣವನ್ನು ಲೆಕ್ಕಕ್ಕೆ ಹಿಡಿಯಲು) ಬಳಸಿದ ಸಿಟಿ ಸ್ಕ್ಯಾನ್ ತಲೆಯ ಹಳೆಯ ಸ್ಥಾನದಲ್ಲೇ ಇರುತ್ತದೆ. ಜರುಗಿದ ಫ್ರೇಮ್‌ಗೆ ಸಿಟಿಯನ್ನೂ ಹೊಂದಿಸಿ ರೀಕನ್‌ಸ್ಟ್ರಕ್ಷನ್ ಮಾಡಬೇಕು. ಅಕ್ಷರಶಃ ಕಣ್ಣಲ್ಲಿ ನೋಡಿ: ಸಿಟಿ ಮೇಲೆ ಕೊನೆಯ ಫ್ರೇಮ್ ಇಟ್ಟಾಗ ನೆತ್ತಿಯ ಅಂಚು ತಪ್ಪಿದೆಯೇ?

ಸಂಶ್ಲೇಷಣೆಯ ಕಡೆ: ಮೋಲಾರ್ ಆಕ್ಟಿವಿಟಿ ದಿನದಿಂದ ದಿನಕ್ಕೆ ಕುಸಿದರೆ ಮೊದಲು ಟಾರ್ಗೆಟ್ ಗ್ಯಾಸ್ ಲೈನ್‌ನ (ಕಾರ್ಬನ್-11 ತಯಾರಾಗುವ ಅನಿಲದ ಕೊಳವೆಯ) ಸೋರಿಕೆ ಹುಡುಕಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಸೇರಿದರೆ ಅದೆಲ್ಲ ಹೆಚ್ಚುಕಡಿಮೆ ವಿಕಿರಣವಿಲ್ಲದ ಕಾರ್ಬನ್-12. ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡ್ ಬಳಸಿ ಮೀಥೈಲ್ ಅಯೊಡೈಡ್ (ಟ್ರೇಸರ್‌ಗೆ ಕಾರ್ಬನ್-11 ಜೋಡಿಸುವ ವಸ್ತು) ಮಾಡುವವರು ತೆರೆದಿಟ್ಟ ಹಳೆ ಬಾಟಲಿಯನ್ನು ಬಿಸಾಡಿ. ಅದೂ ಗಾಳಿಯಿಂದ ಅದನ್ನೇ ಹೀರಿರುತ್ತದೆ.

ಉತ್ತರ 3
ಕಾರ್ಟೆಕ್ಸ್ ಬಗ್ಗೆ: ಬೇಡ. ಅಲ್ಲಿ ಡಿ2 ತೀರಾ ವಿರಳ, ರಾಕ್ಲೋಪ್ರೈಡ್‌ನ ಹಿಡಿತ ಅದಕ್ಕೆ ಸಾಲದು. ಬರುವ ಅಂಕಿ ಹೆಚ್ಚಾಗಿ ಗದ್ದಲವೇ. ಇನ್ನೂ ಬಿಗಿಯಾಗಿ ಅಂಟುವ ಟ್ರೇಸರ್ ಫ್ಲೋರಿನ್-18 ಫಾಲಿಪ್ರೈಡ್ ತೆಗೆದುಕೊಳ್ಳಿ. ಅರ್ಧಾಯುಷ್ಯ 110 ನಿಮಿಷ ಇರುವುದರಿಂದ ಸ್ಟ್ರಯಾಟಮ್‌ಗೆ (ಪುಟಾಮೆನ್ ಸೇರಿದ ಭಾಗಕ್ಕೆ) ಬೇಕಾದ ಸುಮಾರು ಮೂರು ಗಂಟೆ ಸ್ಕ್ಯಾನ್ ಸಾಧ್ಯ, ನಡುವೆ ವಿರಾಮ ಕೊಡಿ. ಕಾರ್ಬನ್-11 ಹಚ್ಚಿದ ಇನ್ನೊಂದು ಟ್ರೇಸರ್ ಎಫ್‌ಎಲ್‌ಬಿ 457 ಕಾರ್ಟೆಕ್ಸ್‌ಗೆ ಒಳ್ಳೆಯದು, ಆದರೆ ಅದು ಸೆರೆಬೆಲ್ಲಮ್‌ನಲ್ಲೂ ಸ್ವಲ್ಪ ಅಂಟುತ್ತದೆ. ಜೊತೆಗೆ, ಸ್ಟ್ರಯಾಟಮ್‌ನಲ್ಲಿ ಸಮಸ್ಥಿತಿಗೆ ಬರುವಷ್ಟರಲ್ಲಿ ಕಾರ್ಬನ್-11 ಮುಗಿದೇ ಹೋಗಿರುತ್ತದೆ.