ಪದಚರ್ಚೆ: ‘ಮಲಗುವ ಹೊತ್ತು’ ಮತ್ತು ‘ನಿದ್ದೆಯ ಹೊತ್ತು’

ಮಾನ್ಯರೇ,

ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಿಂದ ಮರಳಿದ ಅಮೆರಿಕದ ಸೈನಿಕರಲ್ಲಿ, ಸ್ಫೋಟದಿಂದಲೋ ಬಿದ್ದುದರಿಂದಲೋ ಮಿದುಳಿಗೆ ತಗುಲಿದ ಲಘು ಪೆಟ್ಟಿನ ನಂತರ ತಿಂಗಳುಗಟ್ಟಲೆ ಉಳಿದುಬಿಡುವ ನಿದ್ರಾಹೀನತೆ ಮತ್ತು ಅದಕ್ಕೆ ಮಾತ್ರೆಯಿಲ್ಲದೆ ಕೊಡುವ ಚಿಕಿತ್ಸೆ, ಇವುಗಳ ಕುರಿತು ಕನ್ನಡದಲ್ಲಿ ಒಂದು ಬರಹವನ್ನು ಸಿದ್ಧಪಡಿಸುತ್ತಿದ್ದೇನೆ. ನಿದ್ದೆಗೆ ಅಡ್ಡಿಯಾಗುವ ಯೋಚನೆಗಳನ್ನೂ ಅಭ್ಯಾಸಗಳನ್ನೂ ತಿದ್ದುವ, ವೈದ್ಯರು ಸಿಬಿಟಿ-ಐ ಎಂದು ಕರೆಯುವ ಈ ಚಿಕಿತ್ಸೆಯನ್ನು ದೀರ್ಘಕಾಲದ ನಿದ್ರಾಹೀನತೆಯುಳ್ಳ ವಯಸ್ಕರಿಗೆ ಎಲ್ಲಕ್ಕಿಂತ ಮೊದಲು ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಹೇಳಿತು. ಅಲ್ಲಿನ ಮಾಜಿ ಸೈನಿಕರ ಇಲಾಖೆಯೂ ರಕ್ಷಣಾ ಇಲಾಖೆಯೂ ಜಂಟಿಯಾಗಿ 2019ರಲ್ಲಿ ಹೊರತಂದ ಮಾರ್ಗಸೂಚಿ ಕೂಡ ಇದನ್ನೇ ಶಿಫಾರಸು ಮಾಡುತ್ತದೆ. ಐದು ಪದಗಳ ವಿಷಯದಲ್ಲಿ ನನಗೆ ನಿಮ್ಮ ನೆರವು ಬೇಕಾಗಿದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಮಲಗು’ ಎಂಬ ಕ್ರಿಯಾಪದ. ‘ಮಗು ಮಲಗಿದೆ, ಮೆಲ್ಲಗೆ ಮಾತಾಡಿ’ ಎನ್ನುವಾಗ ಮಗು ನಿದ್ದೆಯಲ್ಲಿದೆ. ‘ಬೆನ್ನುನೋವೆಂದು ಮಲಗಿದ್ದಾರೆ’ ಎನ್ನುವಾಗ ನಿದ್ದೆಯ ಪ್ರಸ್ತಾಪವೇ ಇಲ್ಲ. ದಿನಬಳಕೆಯಲ್ಲಿ ಈ ಎರಡರ್ಥದಿಂದ ಯಾರಿಗೂ ತೊಂದರೆಯಾಗದು. ಆದರೆ ಈ ಚಿಕಿತ್ಸೆ ನಿಂತಿರುವುದೇ ಮೈಚಾಚಿರುವ ಹೊತ್ತಿಗೂ ನಿದ್ದೆ ಬಂದಿರುವ ಹೊತ್ತಿಗೂ ಇರುವ ಅಂತರದ ಮೇಲೆ. ರೋಗಿಯು ಪ್ರತಿದಿನ ಬೆಳಿಗ್ಗೆ ತುಂಬಬೇಕಾದ ನಿದ್ದೆಯ ದಿನಚರಿಯಲ್ಲಿ ‘ನಿನ್ನೆ ಎಷ್ಟು ಗಂಟೆಗೆ ಮಲಗಿದಿರಿ?’ ಎಂದು ಕೇಳಿದರೆ, ಒಬ್ಬರು ಹಾಸಿಗೆ ಸೇರಿದ ಹತ್ತು ಗಂಟೆಯನ್ನೂ ಇನ್ನೊಬ್ಬರು ಕಣ್ಣು ಹತ್ತಿದ ಒಂದೂವರೆಯನ್ನೂ ಬರೆಯುತ್ತಾರೆ, ಮತ್ತು ಇಬ್ಬರೂ ಸರಿಯಾಗಿಯೇ ಬರೆದಿರುತ್ತಾರೆ. ‘ಎದ್ದೆ’ ಎಂಬುದೂ ಹಾಗೆಯೇ: ಎಚ್ಚರವಾದದ್ದೋ, ಹಾಸಿಗೆ ಬಿಟ್ಟದ್ದೋ? ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆಯಷ್ಟೇ ನಿದ್ದೆಯಾದವರಿಗೆ ಹಾಸಿಗೆಯಲ್ಲಿ ಕಳೆದ ಹೊತ್ತಿನ ಶೇಕಡಾ 61 ಭಾಗ ಮಾತ್ರ ನಿದ್ದೆಯಾಗಿದೆ ಎಂಬ ಲೆಕ್ಕವೇ ಚಿಕಿತ್ಸಕರ ಕೈದೀಪವಾಗಿರುವುದರಿಂದ, ಪದ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ.

ಆದ್ದರಿಂದ ‘ಮಲಗು’ ಎಂಬುದನ್ನು ಬರಹದಿಂದ ಪೂರ್ತಿ ಕೈಬಿಟ್ಟು, ‘ಹಾಸಿಗೆ ಸೇರು’, ‘ನಿದ್ದೆ ಹತ್ತು’, ‘ಎಚ್ಚರವಾಗು’, ‘ಹಾಸಿಗೆ ಬಿಡು’ ಎಂಬ ನಾಲ್ಕನ್ನೇ ಬಳಸುತ್ತಿದ್ದೇನೆ. ‘ಒರಗು’ ಎಂಬ ಹಳೆಯ ಚೆಲುವಾದ ಮಾತನ್ನೂ ಒಮ್ಮೆ ಯೋಚಿಸಿದೆ. ಆದರೆ ‘ಧರೆಗೊರಗಿದ’ ಎಂದರೆ ಕಾಳಗದಲ್ಲಿ ಸತ್ತ ಎಂದೇ ಅರ್ಥವಾಗಿರುವಾಗ, ಜೊತೆಗಾರರನ್ನು ಕಳೆದುಕೊಂಡು ಬಂದವರ ಕುರಿತ ಬರಹದಲ್ಲಿ ಅದನ್ನು ಇಡಲು ಮನಸ್ಸು ಒಪ್ಪಲಿಲ್ಲ. ಹಾಗೆಯೇ ‘ನಿದ್ದೆ ಮಾಡು’ ಎಂಬುದಕ್ಕಿಂತ ‘ನಿದ್ದೆ ಬರು’, ‘ನಿದ್ದೆ ಹತ್ತು’ ಎಂಬ ರೂಪಗಳು ಇಲ್ಲಿ ಹೆಚ್ಚು ಸತ್ಯವೆಂದು ನನ್ನ ಭಾವನೆ. ‘ನನಗೆ ನಿದ್ದೆ ಬಂತು’ ಎನ್ನುವಾಗ ನಿದ್ದೆಯೇ ಕರ್ತೃ, ನಾನು ಅದು ಬಂದು ಸೇರುವ ಜಾಗ. ಹಟದಿಂದ ನಿದ್ದೆ ಮಾಡಲು ಹೋದಷ್ಟೂ ಅದು ದೂರವಾಗುತ್ತದೆ ಎಂದು ಚಿಕಿತ್ಸಕರು ವಾರಗಟ್ಟಲೆ ವಿವರಿಸುವುದನ್ನು ನಮ್ಮ ಚತುರ್ಥಿ ವಿಭಕ್ತಿ ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ.

ಎರಡನೆಯದು, ಈ ಚಿಕಿತ್ಸೆಯ ಭಾಗವಾದ, ನಿದ್ರಾ ಸಂಶೋಧಕ ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು 1987ರಲ್ಲಿ ವಿವರಿಸಿದ ‘ಸ್ಲೀಪ್ ರಿಸ್ಟ್ರಿಕ್ಷನ್’ ಎಂಬ ವಿಧಾನದ ಹೆಸರು. ಅದನ್ನು ಇದ್ದ ಹಾಗೆ ‘ನಿದ್ರಾ ನಿರ್ಬಂಧ’ ಎಂದು ಕನ್ನಡಿಸಿದರೆ, ಮೊದಲೇ ನಿದ್ದೆಯಿಲ್ಲದೆ ನರಳುತ್ತಿರುವವರಿಗೆ ಇದ್ದಷ್ಟು ನಿದ್ದೆಯನ್ನೂ ಕಸಿಯುವ ಶಿಕ್ಷೆಯಂತೆ ಕೇಳಿಸುತ್ತದೆ. ವಾಸ್ತವವಾಗಿ ಮಿತಿ ಬೀಳುವುದು ಹಾಸಿಗೆಯಲ್ಲಿ ಕಳೆಯುವ ಹೊತ್ತಿಗೆ: ಮೇಲೆ ಹೇಳಿದ ವ್ಯಕ್ತಿಗೆ ಐದೂವರೆ ಅಥವಾ ಆರು ಗಂಟೆಯಷ್ಟೇ ಹಾಸಿಗೆಯ ಅವಧಿ ಗೊತ್ತುಮಾಡಿ, ಅದರಲ್ಲಿ ಶೇಕಡಾ 85ರಷ್ಟೋ ಹೆಚ್ಚೋ ನಿದ್ದೆ ತುಂಬಿದ ಮೇಲೆ ಹದಿನೈದು ಹದಿನೈದು ನಿಮಿಷವಾಗಿ ಹಿಗ್ಗಿಸುತ್ತಾ ಹೋಗುತ್ತಾರೆ. ಅಪಸ್ಮಾರದ ಸೆಳೆತ ಇರುವವರಲ್ಲಿ ನಿದ್ದೆ ಕಡಿಮೆಯಾದರೆ ಸೆಳೆತ ಹೆಚ್ಚಬಹುದಾದ್ದರಿಂದ, ತಲೆಗೆ ಪೆಟ್ಟಾದವರ ವಿಷಯದಲ್ಲಿ ವೈದ್ಯರು ಇದನ್ನು ವಿಚಾರಿಸಿಕೊಂಡೇ ಮುಂದುವರಿಯಬೇಕು. ‘ಹಾಸಿಗೆ ವೇಳೆಯ ಮಿತಿ’ ಎಂದು ಸದ್ಯಕ್ಕೆ ಬರೆದಿದ್ದೇನೆ. ‘ಶಯನಮಿತಿ’ ಚಿಕ್ಕದು, ಆದರೆ ‘ಶಯನ’ಕ್ಕೂ ಅದೇ ಎರಡರ್ಥದ ತೊಡಕು ಅಂಟಿಕೊಂಡಿದೆ.

ಮೂರನೆಯದು ದಣಿವು ಮತ್ತು ತೂಕಡಿಕೆಯ ಭೇದ. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟ, ಈ ಚಿಕಿತ್ಸೆಯಲ್ಲಿ ಬಳಸುವ ನಿಯಮಗಳಲ್ಲಿ ಮೊದಲನೆಯದೇ, ನಿದ್ದೆ ಎಳೆಯುವಾಗ ಮಾತ್ರ ಹಾಸಿಗೆಗೆ ಹೋಗಬೇಕು ಎಂಬುದು. ಮಿದುಳಿಗೆ ಪೆಟ್ಟಾದವರಲ್ಲಿ ಆಯಾಸ ದಿನವಿಡೀ ಇರಬಹುದು. ಮೈ ಸೋತಿರುತ್ತದೆ, ಕಣ್ಣು ಮಾತ್ರ ಎಳೆಯುವುದಿಲ್ಲ. ನಿದ್ದೆಯ ಆ ಎಳೆತಕ್ಕೆ ‘ಕಣ್ಣು ಎಳೆಯುವುದು’, ‘ಜೊಂಪು ಹತ್ತುವುದು’ ಎಂಬ ನಮ್ಮ ಮಾತುಗಳು ಯಾವ ಪಾರಿಭಾಷಿಕ ಪದಕ್ಕಿಂತಲೂ ನಿಖರವಾಗಿವೆ. ಪೆಟ್ಟಿನ ನಂತರ ನೆನಪೂ ಗಮನವೂ ಸಡಿಲವಾಗಿರುವವರಿಗೆ ಸೂಚನೆಗಳನ್ನು ಚಿಕ್ಕ ವಾಕ್ಯಗಳಲ್ಲಿ ಬರೆದುಕೊಡಬೇಕಾಗುತ್ತದೆ ಎಂಬುದನ್ನು ನೆನೆದರೆ, ಮನೆಮಾತು ಇಲ್ಲಿ ಚಿಕಿತ್ಸೆಯ ಸಲಕರಣೆಯೇ ಆಗುತ್ತದೆ.

ನಾಲ್ಕನೆಯದು ಪೆಟ್ಟಿನ ಹೆಸರು. ‘ಸೌಮ್ಯ ಮಿದುಳು ಗಾಯ’ ಎಂಬುದು ನನಗೆ ಒಪ್ಪಿಗೆಯಿಲ್ಲ. ಸೌಮ್ಯವೆಂಬುದು ಸ್ವಭಾವಕ್ಕೆ ಒಪ್ಪುವ ಮಾತು. ಗಾಯವೆಂದರೆ ಕಣ್ಣಿಗೆ ಕಾಣುವಂಥದ್ದು, ಇಲ್ಲಿಯೋ ಸ್ಕ್ಯಾನಿನಲ್ಲೂ ಬಹುಪಾಲು ಏನೂ ಕಾಣದು. ಪ್ರಜ್ಞೆ ತಪ್ಪಿದ್ದರೆ 30 ನಿಮಿಷ ಮೀರಿರಬಾರದು, ಗೊಂದಲದ ಸ್ಥಿತಿ 24 ಗಂಟೆ ದಾಟಿರಬಾರದು, ಪ್ರಜ್ಞೆಯ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಕೋಮಾ ಮಾಪಕದಲ್ಲಿ ಅಂಕ 13ರಿಂದ 15ರೊಳಗಿರಬೇಕು ಎಂಬ ಆರಂಭದ ಲಕ್ಷಣಗಳಿಂದ ಈ ವರ್ಗವನ್ನು ಗುರುತಿಸುತ್ತಾರೆ. ಆಮೇಲೆ ಅನುಭವಿಸುವ ಕಷ್ಟ ಸಣ್ಣದೆಂದು ಆ ಹೆಸರು ಹೇಳುವುದಿಲ್ಲ. ಪತ್ರಿಕೆಗಳ ‘ಲಘು ಹೃದಯಾಘಾತ’ ಎಂಬ ರೂಢಿಯನ್ನು ಅನುಸರಿಸಿ ‘ಮಿದುಳಿನ ಲಘು ಪೆಟ್ಟು’ ಎಂದಿದ್ದೇನೆ.

ಕೊನೆಯದಾಗಿ, ರೋಗದ ಹೆಸರಿಗೆ ‘ನಿದ್ರಾಹೀನತೆ’ಯ ಬದಲು ‘ನಿದ್ದೆಗೇಡು’ ಎಂದು ಬರೆಯಲು ಹಿತೈಷಿಗಳೊಬ್ಬರು ಸೂಚಿಸಿದರು. ಅಚ್ಚಗನ್ನಡದ ಪದವೆಂಬುದು ನಿಜ. ಆದರೆ ‘ನಿದ್ದೆಗೆಟ್ಟು ಓದಿದ’, ‘ನಿದ್ದೆಗೆಟ್ಟು ಕಾವಲಿದ್ದ’ ಎನ್ನುವಾಗ ನಿದ್ದೆಯನ್ನು ತಾನಾಗಿ ಬಿಟ್ಟ ಅರ್ಥ ಬರುತ್ತದೆ, ಮತ್ತು ಸೈನಿಕನಿಗೆ ಅದು ಕರ್ತವ್ಯ. ಕಾವಲಿನ ದಿನಗಳಲ್ಲಿ ಅವನ ಜೀವ ಕಾಯ್ದ ಎಚ್ಚರವೇ ಮನೆಗೆ ಬಂದ ಮೇಲೂ ಬಿಡದೆ ಕಾಡುವ ಸ್ಥಿತಿಗೆ ಆ ಪದ ಹೊಂದೀತೇ?

‘ಹಾಸಿಗೆ ವೇಳೆಯ ಮಿತಿ’ಗಿಂತ ಅಡಕವಾದ ಹೆಸರು ನಿಮಗೆ ತೋಚಿದರೆ ತಿಳಿಸಬೇಕೆಂದು ಕೋರುತ್ತೇನೆ. ನಿದ್ದೆಯ ಸೋಂಕಿಲ್ಲದೆ ಬರಿಯ ಮೈಚಾಚುವಿಕೆಯನ್ನಷ್ಟೇ ಹೇಳುವ ಕ್ರಿಯಾಪದ ನಿಮ್ಮ ಕಡೆಯ ಆಡುಮಾತಿನಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ಬರೆದರೆ ಇನ್ನೂ ಉಪಕಾರವಾಗುತ್ತದೆ.