ಮಂಡಿನೋವಿರುವ ತಾಯಿಯವರೊಡನೆ ಎಮೆಯ್ ಪರ್ವತ ಯಾತ್ರೆ

ಪ್ರಶ್ನೆ (ಬಸವನಗುಡಿಯಿಂದ):
ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿರುವ ಎಮೆಯ್ ಪರ್ವತಕ್ಕೆ ಅಕ್ಟೋಬರ್ ಆರಂಭದಲ್ಲಿ ತಾಯಿಯವರೊಡನೆ ಹೋಗಬೇಕೆಂದಿದ್ದೇನೆ. ಅದು ಬೌದ್ಧರ ಪವಿತ್ರ ಪರ್ವತ; ಗಾಂಧಿನಗರದ ಬೌದ್ಧ ಕೇಂದ್ರವಾದ ಮಹಾಬೋಧಿ ಸೊಸೈಟಿಗೆ ಬಹುಕಾಲದಿಂದ ಹೋಗುತ್ತಿರುವ ಅವರಿಗೆ ಇದು ಹಳೆಯ ಆಸೆ. ಆದರೆ ಈಗ ಮನೆಯ ಮೆಟ್ಟಿಲೇ ಕಷ್ಟವಾಗಿದೆ. ತಿಳಿದವರು ದಯವಿಟ್ಟು ಮಾರ್ಗ ತಿಳಿಸಬೇಕು.

ಉತ್ತರ 1:
ಖಂಡಿತ ಹೋಗಬಹುದು. ಸಿಚುವಾನ್‌ನ ರಾಜಧಾನಿ ಚೆಂಗ್ಡುವಿನಿಂದ ವೇಗದ ರೈಲಿನಲ್ಲಿ ಬೆಟ್ಟದ ಬುಡ ತಲುಪಿ, ಅಲ್ಲಿಂದ ಬೆಟ್ಟದ ಮೇಲಿನ ಬಸ್ ನಿಲ್ದಾಣವಾದ ಲೇಡಾಂಗ್‌ಪಿಂಗ್‌ವರೆಗೆ ಬಸ್ಸಿನಲ್ಲಿ ಹೋಗಿ, ಸ್ವಲ್ಪ ದೂರ ನಡೆದರೆ, ಬೆಟ್ಟದ ತುದಿಯಲ್ಲಿ ದೇವಾಲಯವಿರುವ ಸ್ವರ್ಣಶಿಖರಕ್ಕೆ ಕೇಬಲ್ ಕಾರ್ ಸಿಗುತ್ತದೆ. ಆ ಸ್ವಲ್ಪ ದೂರದಲ್ಲಿಯೂ ಮೆಟ್ಟಿಲುಗಳಿವೆ, ಆದ್ದರಿಂದ ಅಮ್ಮನವರನ್ನು ಅವಸರಪಡಿಸಬೇಡಿ. ಶಿಖರದ ಎತ್ತರ 3,077 ಮೀಟರ್, ಅಂದರೆ ನಮ್ಮ ನಂದಿಬೆಟ್ಟದ ಎರಡು ಪಟ್ಟಿಗೂ ಹೆಚ್ಚು; ಸ್ವೆಟರ್ ಸಾಲದು, ದಪ್ಪ ಜಾಕೆಟ್ ಬೇಕು. ಅಕ್ಟೋಬರ್ ಮೊದಲ ವಾರ ಅಲ್ಲಿ ರಾಷ್ಟ್ರೀಯ ರಜೆ, ಜನಜಂಗುಳಿ ವಿಪರೀತ. ಅದು ಕಳೆದ ಮೇಲೆ ಹೊರಡಿ.

ಉತ್ತರ 2:
ಶಿಖರವೊಂದನ್ನೇ ನೋಡಿ ಮರಳುವುದು ನನಗೆ ಸರಿಕಾಣುವುದಿಲ್ಲ. ಮೋಡ ಕವಿದರೆ ಅಲ್ಲಿ ಬಿಳಿ ಗೋಡೆಯಷ್ಟೇ ಕಾಣುತ್ತದೆ. ಕೆಳಗಿನ ವಾನ್ನಿಯನ್ ದೇವಾಲಯದಲ್ಲಿ, ಕ್ರಿ.ಶ. 980ರಲ್ಲಿ ಎರಕಹೊಯ್ದ, ಆರು ದಂತಗಳ ಆನೆಯ ಮೇಲೆ ಕುಳಿತ ಸಮಂತಭದ್ರ ಬೋಧಿಸತ್ತ್ವನ ಕಂಚಿನ ವಿಗ್ರಹವನ್ನು ತಾಯಿಯವರು ನೋಡಲೇಬೇಕು. ಒಂದು ಎಚ್ಚರಿಕೆ: ಕಾಡುದಾರಿಯಲ್ಲಿ ಕೋತಿಗಳಿವೆ. ನನ್ನ ಕೈಯಲ್ಲಿದ್ದ ಚಕ್ಕುಲಿಯ ಪೊಟ್ಟಣವನ್ನು ಒಂದು ದಪ್ಪ ಬಾಲಮೋಟು ಕೋತಿ ಕಸಿದುಕೊಂಡು, ಎದುರಿಗೇ ಕುಳಿತು ಕಟಕಟನೆ ತಿಂದಿತು.

ಪ್ರಶ್ನಿಸಿದವರು:
ಬಹಳ ಉಪಕಾರವಾಯಿತು. ಪ್ರಯಾಣವನ್ನು ತಿಂಗಳ ಮೂರನೆಯ ವಾರಕ್ಕೆ ಮುಂದೂಡುತ್ತೇನೆ. ಚಕ್ಕುಲಿಯನ್ನು ಚೀಲದೊಳಗೇ ಇಡುತ್ತೇವೆ.