ಎಎ ರೇಟಿಂಗ್ ಇರುವ ಬಾಂಡ್‌ನಲ್ಲಿ ಅಪ್ಪನ ನಿವೃತ್ತಿ ಹಣ ಇಡಬಹುದೇ?

ಪ್ರಶ್ನೆ (ಗಂಗಾವತಿ)
ಅಪ್ಪ ಪ್ರಾಥಮಿಕ ಶಾಲೆಯಿಂದ ನಿವೃತ್ತರು. ಕೈಯಲ್ಲಿ ಎಂಟು ಲಕ್ಷ ಇದೆ. ಏಜೆಂಟರೊಬ್ಬರು ಒಂದು ಕಂಪನಿಯ ಬಾಂಡ್ ತೋರಿಸಿ, ‘ಎಎ ರೇಟಿಂಗ್, ಕಣ್ಣು ಮುಚ್ಚಿಕೊಂಡು ಹಾಕಿ’ ಎನ್ನುತ್ತಿದ್ದಾರೆ. ನನ್ನದು ಅಕ್ಕಿ ವ್ಯಾಪಾರ. ಹತ್ತು ವರ್ಷ ಒಂದು ದಿನವೂ ಬಾಕಿ ತಡಮಾಡದ ಗಿರಾಕಿ ಹೋದ ವರ್ಷ ರಾತ್ರೋರಾತ್ರಿ ಅಂಗಡಿ ಮುಚ್ಚಿದ. ನನ್ನ ಮೂರೂವರೆ ಲಕ್ಷ ಮುಳುಗಿತು. ನನ್ನ ಉದ್ರಿ ಪುಸ್ತಕದಲ್ಲಿ ಅವನಿಗೂ ಎಎಯೇ ಇತ್ತು. ರೇಟಿಂಗ್ ಕೊಡುವವರಿಗೆ ನನಗೆ ಕಾಣದ್ದು ಏನು ಕಾಣುತ್ತದೆ?

ಉತ್ತರ 1 (ರಾಯಚೂರು, ನಿವೃತ್ತ ಬ್ಯಾಂಕ್ ಅಧಿಕಾರಿ)
ಬಾಂಡ್ ಮೂಲಕ ಎತ್ತಿದ ಸಾಲವನ್ನು ಕಂಪನಿ ತೀರಿಸೀತೇ ಎಂಬುದರ ಬಗ್ಗೆ ರೇಟಿಂಗ್ ಒಂದು ಅಭಿಪ್ರಾಯ, ಜಾಮೀನಲ್ಲ. ಶುಲ್ಕ ಕೊಡುವುದೂ ಬಹುತೇಕ ಸಾಲ ಎತ್ತುವ ಕಂಪನಿಯೇ. ಮೂಲಸೌಕರ್ಯಕ್ಕೆ ಹಣ ಒದಗಿಸುವ ಐಎಲ್ ಅಂಡ್ ಎಫ್‌ಎಸ್ ಕಂಪನಿಗೆ 2018ರ ಬೇಸಿಗೆಯಲ್ಲಿ ಎಎಎ, ಅಂದರೆ ಎಎಗಿಂತಲೂ ಮೇಲಿನ ಅತ್ಯುನ್ನತ ದರ್ಜೆ ಇತ್ತು, ಅದೇ ಸೆಪ್ಟೆಂಬರ್‌ನಲ್ಲಿ ಡಿ, ಅಂದರೆ ಸಾಲ ಕಟ್ಟದೆ ಸುಸ್ತಿ.

ಸಾಲ ಕೊಡುವಾಗ ನಾವು ಮೂರನ್ನು ಗುಣಿಸುತ್ತಿದ್ದೆವು: ಸುಸ್ತಿಯಾಗುವ ಸಾಧ್ಯತೆ, ಆಗ ಬಾಕಿ ಇರುವ ಮೊತ್ತ, ಅದರಲ್ಲಿ ವಸೂಲಾಗದ ಪಾಲು. ಎಂಟು ಲಕ್ಷಕ್ಕೆ ಶೇ 2 ಸಾಧ್ಯತೆ, ಶೇ 60 ನಷ್ಟ ಎಂದಿಟ್ಟುಕೊಳ್ಳಿ. ನಿರೀಕ್ಷಿತ ನಷ್ಟ 9,600 ರೂಪಾಯಿ. ಸಾವಿರಾರು ಸಾಲಗಳಿರುವ ಬ್ಯಾಂಕಿಗೆ ಈ ಸರಾಸರಿ ಸಾಕು. ನಿಮ್ಮ ತಂದೆಯವರಿಗೆ ಇರುವುದು ಒಂದೇ ಬಾಂಡ್. ಅದು ಮುಳುಗಿದರೆ ಹೋಗುವುದು 9,600 ಅಲ್ಲ, 4,80,000.

ಕಾಗದ ನೋಡುವುದಕ್ಕೂ ಮಿತಿಯಿದೆ. ಒಮ್ಮೆ ಅಕ್ಕಿ ಗಿರಣಿಯ ದಾಸ್ತಾನು ಪರಿಶೀಲನೆಗೆ ಹೋಗಿದ್ದೆ. ಪಟ್ಟಿಯ ಪ್ರಕಾರ ಚೀಲಗಳ ಲೆಕ್ಕ ಸರಿಯಾಗಿತ್ತು. ಅನುಮಾನ ಬಂದು ಮೂರನೇ ಸಾಲಿನ ಚೀಲವನ್ನು ಎಳೆಸಿದೆ. ಹಗುರವಾಗಿ ಬಂತು. ಹೊಲಿಗೆ ಬಿಚ್ಚಿದರೆ ಬರೀ ಹೊಟ್ಟು! ಆ ಚೀಲ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಉತ್ತರ 2 (ಬಳ್ಳಾರಿ)
ಅಕ್ಷರವನ್ನಷ್ಟೇ ನೋಡಬೇಡಿ. ಅದಕ್ಕೆ ಕೊಟ್ಟ ಕಾರಣಗಳ ವರದಿ ರೇಟಿಂಗ್ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಹಿಂದಿನ ರೇಟಿಂಗ್‌ಗಳ ಪಟ್ಟಿಯೂ ಅದರಲ್ಲೇ ಇರುತ್ತದೆ. ಕಂಪನಿ ಮಾಹಿತಿ ಕೊಡುತ್ತಿಲ್ಲ ಎಂದು ಬರೆದಿದ್ದರೆ ದೂರವಿರಿ. ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ವಿಮೆಯಿದೆ, ಬಾಂಡ್‌ಗೆ ಇಲ್ಲ. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಅವಕಾಶವಿದೆ.

ಪ್ರಶ್ನೆ ಕೇಳಿದವರು
ವರದಿ ತೆಗೆದು ಓದಿದೆ. ಹೋದ ವರ್ಷ ಎಎ ಪ್ಲಸ್ ಇದ್ದದ್ದು ಈಗ ಒಂದು ಮೆಟ್ಟಿಲು ಇಳಿದು ಎಎ ಆಗಿದೆ. ಏಜೆಂಟರು ಇದನ್ನು ಹೇಳಿರಲಿಲ್ಲ. ಅಪ್ಪನಿಗೆ ಆ ಹೊಟ್ಟಿನ ಚೀಲದ ಕಥೆಯನ್ನೂ ಓದಿ ಹೇಳಿದೆ. ಸೋಮವಾರ ಇಬ್ಬರೂ ಅಂಚೆ ಕಚೇರಿಗೆ ಹೋಗುತ್ತೇವೆ.